ಹೂವು ಗೋಡೆಗೆ, ಹಾಳೆ ರದ್ದಿಗೆ

ಹವ್ಯಾಸಗಳಿಗೆ ಕೊನೆಯಿಲ್ಲ. ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚೀಟಿ ಇವನ್ನೆಲ್ಲ ಕೂಡಿಡುವವರನ್ನು ವಾಚಕರು ಕಂಡೇ ಇರುತ್ತೀರಿ. ಆದರೆ ನೂರಿನ್ನೂರು ವರ್ಷಗಳಷ್ಟು ಹಿಂದಿನ ತೋಟಗಾರಿಕೆಯ ಸಚಿತ್ರ ಪತ್ರಿಕೆಗಳನ್ನು ಹುಡುಕಿ ಸಂಗ್ರಹಿಸುವವರೂ ಇದ್ದಾರೆಂದರೆ ಕೆಲವರಿಗೆ ನಗು ಬಂದೀತು. ನನಗೂ ಬಂದಿತ್ತು. ಹೂಗಿಡಕ್ಕೆ ಗೊಬ್ಬರ ಹಾಕುವ ಬಗೆಯನ್ನು ಬೋಧಿಸಿದ ಹಳೆಯ ಪತ್ರಿಕೆಯನ್ನು ಈಗ ಯಾರು ಓದಿಯಾರು, ಅದಕ್ಕೆ ಯಾರು ಹಣ ತೆತ್ತಾರು ಎಂದುಕೊಂಡಿದ್ದೆ. ಆ ನಗು ಅಡಗಿದುದು ನನ್ನ ಮನೆಯ ಗೋಡೆಯ ಮೇಲಿರುವ ಒಂದು ಚಿತ್ರದಿಂದ.

ಮೂರು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಹಳೆಯ ಪುಸ್ತಕದ ಅಂಗಡಿಯಲ್ಲಿ ನಾನು ಯಾವುದೋ ನಿಘಂಟನ್ನು ಹುಡುಕುತ್ತಿದ್ದೆ. ಮೂಲೆಯಲ್ಲಿ ದಾರದಿಂದ ಕಟ್ಟಿದ ಚಿತ್ರಗಳ ಕಂತೆಯೊಂದಿತ್ತು. ಬಿಚ್ಚಿ ನೋಡಿದಾಗ ಮೇಲೆಯೇ ಒಂದು ಹೂಗೊಂಚಲು: ಕೆಂಪು ಹೂಗಳು, ಅಗಲವಾದ ದಳದ ತುದಿಯಲ್ಲಿ ಹಳದಿಯ ಬೊಟ್ಟು, ದೀಪದ ಗೊಂಚಲಿನಂತೆ ಕೆಳಮುಖವಾಗಿ ತೂಗುತ್ತಿರುವ ಭಂಗಿ. ಮೇಲಂಚಿನಲ್ಲಿ ೪೪೫೩ ಎಂಬ ಅಂಕೆ. ಕೆಳಗೆ ಇರುವೆಯ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಚಿತ್ರಕಾರನ ಹೆಸರು. ಎಡದಂಚು ಮಾತ್ರ ಚಾಕುವಿನಿಂದ ಸೀಳಿದಂತೆ ತುಸು ಅಂಕುಡೊಂಕಾಗಿತ್ತು. ಕೇಳಿದ ಬೆಲೆ ಕೊಟ್ಟು ಮನೆಗೆ ತಂದೆ. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ.

ಮನೆಗೆ ಬಂದವರೆಲ್ಲ ಹೊಗಳಿದರು. ಎಂಟು ವರ್ಷದ ಮಗಳು ಮಾತ್ರ ಹೊಗಳಲಿಲ್ಲ, ಪ್ರಶ್ನೆ ಹಾಕಿದಳು: “ಅಪ್ಪಾ, ಈ ಮರ ಎಲ್ಲಿದೆ? ಇದನ್ನು ಬೆಳೆಸಿದವರು ಯಾರು?”

ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳುವ ನನಗೆ ಉತ್ತರ ತಿಳಿಯದು. ಮರುವಾರ ಅಂಗಡಿಗೆ ಹೋಗಿ, ಈ ಚಿತ್ರದ ಜೊತೆಗಿದ್ದ ಬರಹವೆಲ್ಲಿ ಎಂದು ವಿಚಾರಿಸಿದೆ. ಅಂಗಡಿಯವರು ಸರಳ ಮನುಷ್ಯರು, ಮುಚ್ಚುಮರೆಯಿಲ್ಲದೆ ಹೇಳಿದರು: “ಅದು ದಪ್ಪ ಪುಸ್ತಕವಾಗಿತ್ತು ಸಾರ್. ಪಟ ಕೇಳೋರು ನೂರು ಜನ ಬರ್ತಾರೆ, ಆ ಇಂಗ್ಲಿಷು ಓದೋರು ಯಾರು? ಪಟ ಬಿಡಿಸ್ಕೊಂಡು ಉಳಿದ ಹಾಳೇನ ರದ್ದಿಗೆ ಹಾಕ್ದೆ.”

ಅವರನ್ನು ದೂರಲು ನನಗೇನು ಅಧಿಕಾರ? ಹಾಗೆ ಬಿಡಿಸಿದ ಪಟವನ್ನು ಕೊಂಡ ನೂರು ಜನರಲ್ಲಿ ನಾನೂ ಒಬ್ಬ.

ಶಿಲಿಂಗಿಗೆ ಮೂರು ಹೂವು

ಆ ಚಿತ್ರದ ತವರನ್ನು ಹುಡುಕುತ್ತ ಹೋದಾಗ ತಿಳಿದುಬಂದ ಕಥೆ ಲಂಡನ್ನಿನಲ್ಲಿ ಆರಂಭವಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ವಿಲಿಯಂ ಕರ್ಟಿಸ್ ಎಂಬಾತನಿದ್ದ. ಔಷಧ ವ್ಯಾಪಾರದ ಕಸುಬು ಕಲಿತವನು. ಮನಸ್ಸೆಲ್ಲ ಗಿಡಮರಗಳ ಮೇಲೆ. ಲಂಡನ್ನಿನ ಸುತ್ತಮುತ್ತ ತಾನಾಗಿ ಬೆಳೆಯುವ ಸಸ್ಯಗಳನ್ನೆಲ್ಲ ದೊಡ್ಡ ಹಾಳೆಗಳ ಮೇಲೆ ಚಿತ್ರಿಸಿ ‘ಫ್ಲೋರಾ ಲಂಡಿನೆನ್ಸಿಸ್’ ಎಂಬ ಭವ್ಯ ಗ್ರಂಥವನ್ನು ಭಾಗ ಭಾಗವಾಗಿ ಹೊರತರತೊಡಗಿದ. ಪಂಡಿತರು ತಲೆದೂಗಿದರು, ಕೊಳ್ಳುವವರು ಸಾಕಷ್ಟು ದೊರೆಯಲಿಲ್ಲ. ಬೇಲಿಯ ಬದಿಯ ಕಳೆಗಿಡಗಳ ಚಿತ್ರಕ್ಕೆ ಹಣ ತೆರಲು ಶ್ರೀಮಂತರಿಗೆ ಮನಸ್ಸಿರಲಿಲ್ಲ. ಅವರಿಗೆ ಬೇಕಾಗಿದ್ದುದು ಹಡಗುಗಳಲ್ಲಿ ದೂರದೇಶಗಳಿಂದ ಬಂದು ತಮ್ಮ ತೋಟಗಳಲ್ಲಿ ಅರಳುತ್ತಿದ್ದ ಹೊಸ ಹೂಗಳು.

ನಷ್ಟದಿಂದ ಪಾಠ ಕಲಿತ ಕರ್ಟಿಸ್ ೧೭೮೭ರ ಫೆಬ್ರವರಿಯಲ್ಲಿ ‘ಬೊಟಾನಿಕಲ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ. ಆಕಾರ ಕಿರಿದು, ಬೆಲೆ ಒಂದು ಶಿಲಿಂಗ್. ಸಂಚಿಕೆಗೆ ಮೂರು ಬಣ್ಣದ ಚಿತ್ರಗಳು. ಪ್ರತಿಯೊಂದಕ್ಕೂ ಒಂದೆರಡು ಪುಟಗಳ ಬರಹ. ಮೊಟ್ಟಮೊದಲ ಚಿತ್ರ ಪರ್ಷಿಯಾದ ಐರಿಸ್ ಹೂವಿನದು. ಗಿಡದ ಹೆಸರು, ಅದರ ನಾಡು, ಅದನ್ನು ಬೆಳೆಸುವ ಕ್ರಮ, ಯಾವ ತೋಟದಲ್ಲಿ ಅರಳಿದ ಹೂವನ್ನು ನೋಡಿ ಚಿತ್ರ ಬರೆಯಲಾಯಿತು ಎಂಬ ವಿವರ ಇವೆಲ್ಲ ಸರಳವಾದ ಮಾತಿನಲ್ಲಿ ಇರುತ್ತಿದ್ದವು. ಪತ್ರಿಕೆ ಬಿಸಿಬಿಸಿಯಾಗಿ ಮಾರಾಟವಾಯಿತು. ಸುಮಾರು ೩,೦೦೦ ಪ್ರತಿಗಳು ಖರ್ಚಾಗತೊಡಗಿದವು. ಮೊದಲ ಗ್ರಂಥ ತನಗೆ ಹೊಗಳಿಕೆಯನ್ನು ತಂದಿತು, ಎರಡನೆಯದು ಊಟವನ್ನು ತಂದಿತು ಎಂಬ ಅರ್ಥದ ಮಾತನ್ನು ಕರ್ಟಿಸ್ ಆಡಿದನಂತೆ. ನಮ್ಮವರಾಗಿದ್ದರೆ, ಮೊದಲನೆಯದು ಜುಟ್ಟಿಗೆ ಮಲ್ಲಿಗೆ, ಎರಡನೆಯದು ಹೊಟ್ಟೆಗೆ ಹಿಟ್ಟು ಎನ್ನುತ್ತಿದ್ದರು.

ಬಣ್ಣದ ಮುದ್ರಣ ಎಂದಾಗ ಈಗಿನ ಯಂತ್ರಗಳನ್ನು ನೆನೆಯಬಾರದು. ಚಿತ್ರಕಾರ ಹೂವನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರವನ್ನು ಕೆತ್ತನೆಗಾರ ತಾಮ್ರದ ತಗಡಿನ ಮೇಲೆ ರೇಖೆಗಳಾಗಿ ಕೊರೆಯುತ್ತಿದ್ದ. ಆ ತಗಡಿನಿಂದ ರೇಖೆಗಳು ಮಾತ್ರ ಅಚ್ಚಾಗುತ್ತಿದ್ದವು. ಅನಂತರ ಒಂದೊಂದು ಹಾಳೆಗೂ ಮನುಷ್ಯರು ಕುಂಚ ಹಿಡಿದು ಬಣ್ಣ ತುಂಬಬೇಕು. ಕರ್ಟಿಸನ ಪತ್ರಿಕೆಗೆ ಈ ಕೆಲಸ ಮಾಡುವವರು ಸುಮಾರು ೩೦ ಮಂದಿ ಇದ್ದರೆಂದು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ ಮೂರು ಸಾವಿರ ಪ್ರತಿ, ಪ್ರತಿಗೆ ಮೂರು ಚಿತ್ರ, ಒಟ್ಟು ಒಂಬತ್ತು ಸಾವಿರ ಹಾಳೆಗಳು. ತಲೆಗೆ ಮುನ್ನೂರು, ಬಿಡುವಿಲ್ಲದೆ ದುಡಿದರೂ ದಿನಕ್ಕೆ ಹತ್ತು! ಯಾವ ಹಾಳೆಯ ಮೇಲೂ ಇವರ ಹೆಸರಿಲ್ಲ. ಆದರೆ ಒಂದೇ ಸಂಚಿಕೆಯ ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದರಲ್ಲಿ ದಳದ ಅಂಚು ತುಸು ಗಾಢ, ಇನ್ನೊಂದರಲ್ಲಿ ಎಲೆಯ ಹಸಿರು ತುಸು ತೆಳು. ಯಾರೋ ಬಣ್ಣಗಾರರ ಕೈ ಅಲ್ಲಿ ಇನ್ನೂ ಉಳಿದಿದೆ. ಹೀಗೆ ಕೈಯಿಂದ ಬಣ್ಣ ತುಂಬುವ ಪದ್ಧತಿ ಆ ಪತ್ರಿಕೆಯಲ್ಲಿ ೧೯೪೮ರವರೆಗೂ ನಡೆದುಬಂದಿತೆಂದರೆ ಆಶ್ಚರ್ಯವಲ್ಲವೇ?

ಕರ್ಟಿಸ್ ೧೭೯೯ರಲ್ಲಿ ತೀರಿಕೊಂಡ. ಪತ್ರಿಕೆ ಮಾತ್ರ ಅವನ ಹೆಸರನ್ನು ತಲೆಯ ಮೇಲೆ ಹೊತ್ತು ಮುಂದುವರಿಯಿತು. ಮುಂದೆ ಕ್ಯೂ ಸಸ್ಯೋದ್ಯಾನದ ನಿರ್ದೇಶಕರಾದ ವಿಲಿಯಂ ಹೂಕರ್, ಅವರ ತರುವಾಯ ಮಗ ಜೋಸೆಫ್ ಹೂಕರ್ ಅದರ ಸಂಪಾದಕರಾದರು. ನಡುವೆ ಕೆಲಕಾಲ ಹೆಸರು ಬದಲಾದುದನ್ನು ಬಿಟ್ಟರೆ ಆ ಪತ್ರಿಕೆ ಇಂದಿಗೂ ಕ್ಯೂ ಉದ್ಯಾನದ ಆಶ್ರಯದಲ್ಲಿ ಹೊರಬರುತ್ತಿದೆ.

ಪೈಪೋಟಿಯ ಪತ್ರಿಕೆಗಳು

ಒಂದು ಅಂಗಡಿ ನಡೆದರೆ ಪಕ್ಕದಲ್ಲಿ ಇನ್ನೊಂದು ಏಳುವುದು ಲೋಕರೂಢಿ. ಕರ್ಟಿಸನ ಪತ್ರಿಕೆಗೆ ವರ್ಷಗಟ್ಟಲೆ ಚಿತ್ರ ಬರೆದ ಸಿಡೆನ್‌ಹ್ಯಾಮ್ ಎಡ್ವರ್ಡ್ಸ್ ಅದನ್ನು ತೊರೆದು ೧೮೧೫ರಲ್ಲಿ ‘ಬೊಟಾನಿಕಲ್ ರಿಜಿಸ್ಟರ್’ ಎಂಬ ತನ್ನದೇ ಪತ್ರಿಕೆಯನ್ನು ತೆರೆದ. ಸಸಿ ಮಾರಾಟದ ಲಾಡಿಜಿಸ್ ಮನೆತನದವರು ೧೮೧೭ರಿಂದ ೧೮೩೩ರವರೆಗೆ ‘ಬೊಟಾನಿಕಲ್ ಕ್ಯಾಬಿನೆಟ್’ ನಡೆಸಿ ಎರಡು ಸಾವಿರ ಚಿತ್ರಗಳನ್ನು ಹೊರತಂದರು. ಬೆಲ್ಜಿಯಮ್ಮಿನ ಗೆಂಟ್ ಪಟ್ಟಣದ ಲೂಯಿ ವಾನ್ ಹೂಟೆ ೧೮೪೫ರಲ್ಲಿ ಆರಂಭಿಸಿದ ‘ಫ್ಲೋರ್ ದೆ ಸೇರ್’ ಬಣ್ಣದ ಕಲ್ಲಚ್ಚಿನ ಚಿತ್ರಗಳಿಗೆ ಹೆಸರಾಯಿತು.

ಇವೆಲ್ಲ ಹೆಚ್ಚಾಗಿ ಸಿರಿವಂತರ ಮೇಜಿನ ಪತ್ರಿಕೆಗಳು. ತೋಟದಲ್ಲಿ ಮಣ್ಣು ಕೆದಕುವವನನ್ನೂ ಎದುರಿಗಿಟ್ಟುಕೊಂಡು ಬರೆದವನು ಜಾನ್ ಕ್ಲಾಡಿಯಸ್ ಲೌಡನ್. ರೋಗದಿಂದ ೧೮೨೫ರಲ್ಲಿ ಅವನ ಬಲಗೈಯನ್ನೇ ಕತ್ತರಿಸಬೇಕಾಯಿತು. ಮರುವರ್ಷವೇ ಅವನು ‘ಗಾರ್ಡನರ್ಸ್ ಮ್ಯಾಗಜೀನ್’ ಆರಂಭಿಸಿದ! ಮಾಲಿಗಳ ಸಂಬಳ ಎಷ್ಟು ಕಡಿಮೆ, ಅವರು ವಾಸಿಸುವ ಗುಡಿಸಲುಗಳು ಎಷ್ಟು ಹೀನ ಎಂಬುದನ್ನೆಲ್ಲ ಅವನು ಧಣಿಗಳಿಗೆ ಮುಟ್ಟುವಂತೆ ಬರೆದ.

೧೮೪೧ರಲ್ಲಿ ಹುಟ್ಟಿದ ‘ಗಾರ್ಡನರ್ಸ್ ಕ್ರಾನಿಕಲ್’ ವಾರಪತ್ರಿಕೆಯ ಕಥೆಯಂತೂ ಸ್ವಾರಸ್ಯವಾಗಿದೆ. ಇದರಲ್ಲಿ ಗೋಡೆಗೆ ತೂಗುಹಾಕುವಂಥ ಬಣ್ಣದ ಚಿತ್ರಗಳಿರಲಿಲ್ಲ. ಮರದಚ್ಚಿನ ಸಣ್ಣ ಕಪ್ಪು ಚಿತ್ರಗಳು, ಒತ್ತೊತ್ತಾದ ಅಕ್ಷರಗಳು. ಆದರೆ ೧೮೪೫ರ ಸೆಪ್ಟೆಂಬರಿನಲ್ಲಿ ಇದರ ಸಂಪಾದಕ ಜಾನ್ ಲಿಂಡ್ಲೆ, ಅಚ್ಚಾಗುತ್ತಿದ್ದ ಪತ್ರಿಕೆಯನ್ನು ತಡೆದು ಒಂದು ಸುದ್ದಿಯನ್ನು ಸೇರಿಸಿದ: ಐರ್ಲೆಂಡಿನಲ್ಲಿ ಆಲೂಗೆಡ್ಡೆಗೆ ಕೊಳೆರೋಗ ತಗಲಿರುವುದು ಖಚಿತವಾಗಿದೆ ಎಂದು. ಮುಂದಿನ ವರ್ಷಗಳ ಕ್ಷಾಮದಲ್ಲಿ ಅಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಮಂದಿ ನಾಡು ಬಿಟ್ಟರು. ಅದೇ ಪತ್ರಿಕೆಯ ೧೮೬೦ರ ಸಂಚಿಕೆಯೊಂದರಲ್ಲಿ ಪ್ಯಾಟ್ರಿಕ್ ಮ್ಯಾಥ್ಯೂ ಎಂಬಾತ, ಡಾರ್ವಿನ್ ಹೇಳಿದ ಪ್ರಕೃತಿಯ ಆಯ್ಕೆಯ ತತ್ತ್ವವನ್ನು ತಾನು ೧೮೩೧ರಲ್ಲೇ ಹಡಗಿನ ಮರಮುಟ್ಟನ್ನು ಕುರಿತ ಪುಸ್ತಕದಲ್ಲಿ ಹೇಳಿದ್ದೆನೆಂದು ಬರೆದ. ಡಾರ್ವಿನ್ ಅಲ್ಲಿಯೇ ಉತ್ತರ ಕೊಟ್ಟು, ಅದು ನಿಜವೆಂದು ಒಪ್ಪಿಕೊಂಡ.

ಚಿತ್ರ ಬಿಡಿಸಿ ಮಾರುವವನ ಕಣ್ಣಿಗೆ ಇಂಥ ಪುಟಗಳಿಗೆ ಕಾಸಿನ ಬೆಲೆಯೂ ಇಲ್ಲ.

೪೪೫೩ರ ಕಥೆ

ಈಗ ನನ್ನ ಗೋಡೆಯ ಹೂವಿಗೆ ಬರೋಣ. ಕರ್ಟಿಸನ ಪತ್ರಿಕೆಯಲ್ಲಿ ಒಂದು ಒಳ್ಳೆಯ ವ್ಯವಸ್ಥೆಯಿತ್ತು. ಮೊದಲ ಚಿತ್ರಕ್ಕೆ ಒಂದು ಎಂದು ಅಂಕೆ ಕೊಟ್ಟವರು, ಸಂಪಾದಕರು ಬದಲಾದರೂ ಆ ಎಣಿಕೆಯನ್ನು ಕಡಿಯದೆ ಒಂಬತ್ತು ಸಾವಿರದಾಚೆಗೂ ಮುಂದುವರಿಸಿದರು. ಚಿತ್ರದ ಮೇಲಿರುವ ಅಂಕೆಯೇ ಅದರ ಬರಹದ ನೆತ್ತಿಯ ಮೇಲೂ ಇರುತ್ತದೆ. ಇಬ್ಬರೂ ಬೇರೆಯಾದರೂ ಗುರುತು ಹಿಡಿಯಬಹುದು. ಈ ಸಂಪುಟಗಳ ಪುಟಪುಟವನ್ನೂ ಛಾಯಾಚಿತ್ರ ತೆಗೆದು ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಎಂಬ ಅಂತರಜಾಲದ ಗ್ರಂಥಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದಾರೆ. ಒಂದು ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿದೆ. ೧೮೪೯ರ ಸಂಪುಟದಲ್ಲಿ ೪೪೫೩ ಸಿಕ್ಕಿತು: ಆಮ್‌ಹರ್ಸ್ಟಿಯಾ ನೊಬಿಲಿಸ್.

ಇದು ಬರ್ಮಾ ದೇಶದ ಮರ. ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿ ನಥಾನಿಯಲ್ ವಾಲಿಕ್ ೧೮೨೦ರ ದಶಕದಲ್ಲಿ ಸಾಲ್ವೀನ್ ನದಿಯ ಕಡೆ ಒಂದು ಬೌದ್ಧ ವಿಹಾರದ ತೋಟದಲ್ಲಿ ಇದನ್ನು ಕಂಡ. ಅಲ್ಲಿಯವರು ಇದರ ಹೂಗಳನ್ನು ಬುದ್ಧನಿಗೆ ಏರಿಸುತ್ತಿದ್ದರು. ವಾಲಿಕ್ ಇದಕ್ಕೆ ಗವರ್ನರ್ ಜನರಲ್ ಆಮ್‌ಹರ್ಸ್ಟರ ಪತ್ನಿ ಮತ್ತು ಮಗಳ ಗೌರವಾರ್ಥವಾಗಿ ಹೆಸರಿಟ್ಟು, ತನ್ನ ದೊಡ್ಡ ಗ್ರಂಥದಲ್ಲಿ ಬಣ್ಣಿಸಿದ. ಆ ಗ್ರಂಥದ ಅನೇಕ ಚಿತ್ರಗಳನ್ನು ಬರೆದವರು ಕಲ್ಕತ್ತೆಯ ಉದ್ಯಾನದ ಕಲಾವಿದರಾದ ವಿಷ್ಣುಪ್ರಸಾದ್ ಮತ್ತು ಗೋರಾಚಾಂದ್.

ಚಿತ್ರ ಕಂಡ ಇಂಗ್ಲೆಂಡಿನ ಶ್ರೀಮಂತರಿಗೆ ಮರವೇ ಬೇಕೆನಿಸಿತು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಷೈರ್ ಡ್ಯೂಕನ ಬಳಿ ಜೋಸೆಫ್ ಪ್ಯಾಕ್ಸ್ಟನ್ ಎಂಬ ತೋಟಗಾರನಿದ್ದ. ಬಡ ಮನೆಯಲ್ಲಿ ಹುಟ್ಟಿ, ಸ್ವಂತ ಬುದ್ಧಿಯಿಂದ ಮೇಲೆ ಬಂದವನು. ‘ಮ್ಯಾಗಜೀನ್ ಆಫ್ ಬಾಟನಿ’ ಎಂಬ ಸಚಿತ್ರ ಪತ್ರಿಕೆಯನ್ನು ೧೮೩೪ರಿಂದ ನಡೆಸುತ್ತಿದ್ದವನು. ಡ್ಯೂಕನೂ ಪ್ಯಾಕ್ಸ್ಟನನೂ ೧೮೩೫ರಲ್ಲಿ ಜಾನ್ ಗಿಬ್ಸನ್ ಎಂಬ ಯುವಕ ಮಾಲಿಯನ್ನು ಭಾರತಕ್ಕೆ ಕಳುಹಿಸಿದರು. ಕಲ್ಕತ್ತೆಯಲ್ಲಿ ವಾಲಿಕನ ನೆರವು ಪಡೆದು, ಖಾಸಿ ಬೆಟ್ಟಗಳಲ್ಲಿ ಅಲೆದು ಸಸ್ಯಗಳನ್ನು ಕೂಡಿಹಾಕಿದ ಗಿಬ್ಸನ್, ಆಮ್‌ಹರ್ಸ್ಟಿಯಾದ ಸಸಿಯೊಂದನ್ನು ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ೧೮೩೭ರಲ್ಲಿ ಚಾಟ್ಸ್‌ವರ್ತ್‌ಗೆ ಮುಟ್ಟಿಸಿದ. ಡ್ಯೂಕನ ಸಂತೋಷಕ್ಕೆ ಪಾರವಿಲ್ಲ.

ಆದರೆ ದೈವದ ಆಟ ನೋಡಿ. ಅಷ್ಟು ಖರ್ಚು, ಅಷ್ಟು ಆರೈಕೆಯಾದರೂ ಚಾಟ್ಸ್‌ವರ್ತ್‌ನಲ್ಲಿ ಅದು ಹೂ ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲು ಅದನ್ನು ಅರಳಿಸಿದ ಕೀರ್ತಿ ೧೮೪೯ರಲ್ಲಿ ಒಬ್ಬ ಗೃಹಿಣಿಯ ಪಾಲಾಯಿತು. ಆಕೆ ಲಂಡನ್ನಿನ ಹತ್ತಿರದ ಈಲಿಂಗ್ ಪಾರ್ಕಿನ ಶ್ರೀಮತಿ ಲೂಯಿಸಾ ಲಾರೆನ್ಸ್, ಹೆಸರಾಂತ ಶಸ್ತ್ರವೈದ್ಯರೊಬ್ಬರ ಪತ್ನಿ. ಆಕೆಯ ಹಿಂದಿನ ಮನೆಯ ತೋಟವನ್ನು ಒಂಟಿಗೈಯ ಲೌಡನ್ ೧೮೩೮ರಲ್ಲೇ ತನ್ನ ಪತ್ರಿಕೆಯಲ್ಲಿ ಮೆಚ್ಚಿ ಬಣ್ಣಿಸಿದ್ದ. ಆಕೆ ಮೊದಲ ಹೂಗೊಂಚಲನ್ನು ವಿಕ್ಟೋರಿಯಾ ರಾಣಿಗೆ ಕಳುಹಿಸಿ, ಇನ್ನೊಂದನ್ನು ಕ್ಯೂ ಉದ್ಯಾನದ ಹೂಕರರಿಗೆ ಕಳುಹಿಸಿದಳು. ಅದರ ಚಿತ್ರವೇ ನನ್ನ ಗೋಡೆಯ ೪೪೫೩.

ಪ್ಯಾಕ್ಸ್ಟನ್ ಎದೆಗುಂದಲಿಲ್ಲ. ಅದೇ ೧೮೪೯ರ ನವೆಂಬರಿನಲ್ಲಿ ಅಮೆಜಾನ್ ನದಿಯ ದೈತ್ಯ ನೈದಿಲೆಯನ್ನು ಇಂಗ್ಲೆಂಡಿನಲ್ಲಿ ಮೊದಲು ಅರಳಿಸಿದ. ಅದರ ಎಲೆ ಎಷ್ಟು ಗಟ್ಟಿಯೆಂದು ತೋರಿಸಲು ತನ್ನ ಪುಟ್ಟ ಮಗಳನ್ನೇ ಎಲೆಯ ಮೇಲೆ ನಿಲ್ಲಿಸಿದ. ಆ ಎಲೆಯ ಅಡಿಯಲ್ಲಿರುವ ನರಗಳ ಹೆಣಿಗೆಯಿಂದ ತನಗೆ ಸ್ಫೂರ್ತಿ ದೊರೆಯಿತೆಂದು ಹೇಳಿಕೊಂಡು, ೧೮೫೧ರ ಮಹಾಪ್ರದರ್ಶನಕ್ಕಾಗಿ ಲಂಡನ್ನಿನಲ್ಲಿ ಗಾಜು ಕಬ್ಬಿಣಗಳ ‘ಕ್ರಿಸ್ಟಲ್ ಪ್ಯಾಲೇಸ್’ ಕಟ್ಟಿದವನೂ ಅವನೇ. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ೧೮೮೯ರಲ್ಲಿ ಅಡಿಗಲ್ಲು ಬಿದ್ದಾಗ ಕಟ್ಟುವವರ ಕಣ್ಣ ಮುಂದಿದ್ದ ಮಾದರಿ ಅದು. ಫಲಪುಷ್ಪ ಪ್ರದರ್ಶನದಲ್ಲಿ ಜನಜಂಗುಳಿಯ ನಡುವೆ ಆ ಗಾಜಿನ ಮಾಡನ್ನು ತಲೆಯೆತ್ತಿ ನೋಡುವಾಗ, ಅದರ ವಂಶವೃಕ್ಷದಲ್ಲಿ ತೋಟದ ಪತ್ರಿಕೆ ನಡೆಸಿದ ಮಾಲಿಯೊಬ್ಬನಿದ್ದಾನೆಂದು ನಮಗೆ ಹೊಳೆಯುವುದೇ ಇಲ್ಲ.

ಹೆಸರು ಉಳಿದವರು, ಉಳಿಯದವರು

ನನ್ನ ಚಿತ್ರದ ಕೆಳಗಿದ್ದ ಸಣ್ಣ ಹೆಸರು ವಾಲ್ಟರ್ ಹುಡ್ ಫಿಚ್‌ನದು. ಬಟ್ಟೆಯ ಮೇಲೆ ಅಚ್ಚೊತ್ತುವ ನಮೂನೆಗಳನ್ನು ಬರೆಯುವ ಕೆಲಸ ಕಲಿಯುತ್ತಿದ್ದ ಹುಡುಗನನ್ನು ವಿಲಿಯಂ ಹೂಕರ್ ಗುರುತಿಸಿ ತಮ್ಮೊಡನೆ ಸೇರಿಸಿಕೊಂಡರು. ೧೮೩೪ರಿಂದ ೧೮೭೭ರವರೆಗೆ ಅವನು ಈ ಒಂದು ಪತ್ರಿಕೆಗೇ ಸುಮಾರು ೨,೭೦೦ ಚಿತ್ರಗಳನ್ನು ಬರೆದ. ಕೊನೆಗೆ ಸಂಭಾವನೆಯ ವಿಷಯದಲ್ಲಿ ಜೋಸೆಫ್ ಹೂಕರರೊಡನೆ ಮನಸ್ತಾಪ ಬಂದು ಕೈಬಿಟ್ಟ. ಅವನ ತರುವಾಯ ಬಂದ ಮಟಿಲ್ಡಾ ಸ್ಮಿತ್ ಎಂಬ ಮಹಿಳೆ ೧೮೭೮ರಿಂದ ೧೯೨೩ರವರೆಗೆ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ಬರೆದಳು.

ನಮ್ಮವರ ಕೈವಾಡವೂ ಈ ಲೋಕದಲ್ಲಿ ಕಡಿಮೆಯದಲ್ಲ. ಮದರಾಸಿನ ಕಡೆ ಕೆಲಸ ಮಾಡಿದ ರಾಬರ್ಟ್ ವೈಟ್ ಎಂಬ ವೈದ್ಯನ ಸಸ್ಯಗ್ರಂಥಗಳಿಗೆ ರಂಗಯ್ಯ, ಗೋವಿಂದು ಎಂಬ ಕಲಾವಿದರು ಚಿತ್ರ ಬರೆದರು. ರಂಗಯ್ಯನ ಚಿತ್ರಗಳನ್ನು ಹೂಕರ್ ತಮ್ಮ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗೋವಿಂದುವಿನ ಕೌಶಲಕ್ಕೆ ಮೆಚ್ಚಿದ ವೈಟ್ ಒಂದು ಆರ್ಕಿಡ್ ಜಾತಿಗೆ ‘ಗೋವಿಂದೂಯಾ’ ಎಂದೇ ಹೆಸರಿಟ್ಟ. ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರನ್ ಮೇಲಧಿಕಾರಿಯಾಗಿದ್ದ ಕಾಲದಲ್ಲಿ ಚೆಲುವಯ್ಯರಾಜು ಅವರು ಬರೆದ ಸಸ್ಯಚಿತ್ರಗಳು ಕಣ್ಣಿಗೆ ಹಬ್ಬ. ಇಂಥ ಹೆಸರುಗಳು ನಮಗೆ ಇಂದು ದೊರೆಯುವುದು ಹೆಚ್ಚಾಗಿ ಚಿತ್ರದ ಪಕ್ಕದ ಬರಹದಿಂದ, ಮುನ್ನುಡಿಯಿಂದ, ಕಡತಗಳಿಂದ. ಆ ಬರಹ ರದ್ದಿಗೆ ಹೋದರೆ ಹೆಸರೂ ಅದರೊಡನೆ ಹೋಗುತ್ತದೆ.

ಸಂಗ್ರಹಿಸುವವರಿಗೆ ಎರಡು ಮಾತು

ಈ ಹವ್ಯಾಸಕ್ಕೆ ಕೈಹಾಕುವವರು ಮೊದಲು ಒಂದು ಭೂತಗನ್ನಡಿಯನ್ನು ಸಂಪಾದಿಸಬೇಕು. ಈಚಿನ ಮುದ್ರಣವಾದರೆ ಬಣ್ಣವೆಲ್ಲ ಒಂದೇ ಸಮನಾದ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಕೈಬಣ್ಣವಾದರೆ ಕುಂಚದ ಎಳೆ ಕಾಣುತ್ತದೆ. ಅಲ್ಲಲ್ಲಿ ಬಣ್ಣ ರೇಖೆಯನ್ನು ದಾಟಿ ಚೆಲ್ಲಿರುತ್ತದೆ. ಹೊಳಪಿಗಾಗಿ ಅಂಟು ಸವರಿದ ಕಡೆ ಬೆಳಕಿಗೆ ಮಿನುಗುತ್ತದೆ. ಕೆಲವು ಹಳೆಯ ಬಿಳಿ ಬಣ್ಣಗಳಲ್ಲಿ ಸೀಸವಿರುವುದರಿಂದ ಬಿಳಿಯ ದಳ ಕಾಲಕ್ರಮದಲ್ಲಿ ಕಪ್ಪಾಗಿರುವುದೂ ಉಂಟು.

ಎರಡನೆಯದಾಗಿ, ಸಂಪುಟವನ್ನು ಕೊಳ್ಳುವಾಗ ಚಿತ್ರಗಳನ್ನು ಎಣಿಸುವಂತೆಯೇ ಬರಹದ ಪುಟಗಳನ್ನೂ ಎಣಿಸಬೇಕು. ಬಿಡಿ ಸಂಚಿಕೆಯ ಹೊರಹೊದಿಕೆ, ಬೀಜ ಮಾರುವವರ ಜಾಹೀರಾತು ಇದ್ದರಂತೂ ಭಾಗ್ಯ. ಬೈಂಡು ಹಾಕುವವರು ಅವನ್ನು ಕಿತ್ತೆಸೆಯುತ್ತಿದ್ದುದರಿಂದ ಅವು ಅಪರೂಪ. ಕೆಲವು ಸಂಪುಟಗಳಲ್ಲಿ ಚಿತ್ರದ ಎದುರಿನ ಬರಹದ ಪುಟದ ಮೇಲೆ ಹೂವಿನದೇ ಒಂದು ಮಸುಕು ನೆರಳು ಬಿದ್ದಿರುತ್ತದೆ. ಮಾರುವವರು ಇದನ್ನು ದೋಷವೆಂದು ಬೆಲೆ ಇಳಿಸುತ್ತಾರೆ. ಆ ಎರಡು ಹಾಳೆಗಳು ನೂರೈವತ್ತು ವರ್ಷ ಒಂದನ್ನೊಂದು ಅಗಲದೆ ಮುಖಕ್ಕೆ ಮುಖವಿಟ್ಟು ಬಾಳಿದುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಹವೆಯಲ್ಲಿ ಮಳೆಗಾಲದ ತೇವವೂ ಹುಳುವೂ ಕಾಗದದ ಶತ್ರುಗಳು. ಗಾಳಿಯಾಡುವ ಕಪಾಟಿನಲ್ಲಿಟ್ಟು, ಆಗಾಗ ತೆರೆದು ನೋಡುತ್ತಿರಬೇಕು. ಹರಿದ ಹಾಳೆಗೆ ಅಂಗಡಿಯ ಅಂಟುಪಟ್ಟಿ ಹಚ್ಚಬಾರದು. ಚಿತ್ರಕ್ಕೆ ಕಟ್ಟು ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ತೂಗುಹಾಕಬೇಕು.

ಕೊನೆಯದು, ಮತ್ತು ನನ್ನ ಅನುಭವದಿಂದ ಬಂದ ಮಾತು: ಅಖಂಡವಾಗಿರುವ ಸಂಪುಟವನ್ನು ಚಿತ್ರಕ್ಕಾಗಿ ಒಡೆಯುವವರಿಂದ ಹೊಸದಾಗಿ ಬಿಡಿಸಿದ ಹಾಳೆಯನ್ನು ಕೊಳ್ಳಬೇಡಿ. ಕೊಳ್ಳುವವರಿದ್ದಾರೆಂದೇ ಚಾಕು ಆಡುತ್ತದೆ. ಅಂತರಜಾಲದಲ್ಲಿ ಎಲ್ಲವೂ ಇದೆಯಲ್ಲ, ಒಡೆದರೇನು ಎಂದು ಕೇಳುವವರುಂಟು. ಓದುವುದಕ್ಕೆ ಅದು ದೊಡ್ಡ ಉಪಕಾರವೇ. ಅದಿಲ್ಲದಿದ್ದರೆ ನನ್ನ ಮಗಳಿಗೆ ಉತ್ತರ ಸಿಗುತ್ತಿರಲಿಲ್ಲ. ಆದರೆ ಆ ತೆರೆಯ ಮೇಲೆ ಕಾಣುವುದು ಯಾವುದೋ ಗ್ರಂಥಾಲಯದ ಒಂದು ಪ್ರತಿ. ಪ್ರತಿಯೊಂದಕ್ಕೂ ಬಣ್ಣ ಹಾಕಿದ ಕೈ ಬೇರೆ ಬೇರೆ ಎಂಬುದನ್ನು ಆಗಲೇ ಹೇಳಿದೆನಷ್ಟೆ. ಒಂದು ಸಂಪುಟವನ್ನು ಒಡೆದಾಗ ಹಾಳಾಗುವ ಪ್ರತಿ ಲೋಕದಲ್ಲಿ ಇನ್ನೊಂದಿಲ್ಲ.

ಆ ರಾತ್ರಿ ೪೪೫೩ರ ಬರಹವನ್ನು ಮಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಬುದ್ಧನಿಗೆ ಏರಿಸುತ್ತಿದ್ದ ಹೂವು ಎಂದಾಗ ಅವಳ ಕಣ್ಣರಳಿತು. ಡ್ಯೂಕನ ಮರ ಹೂ ಬಿಡಲಿಲ್ಲವೆಂದಾಗ “ಪಾಪ” ಎಂದಳು. ಮಾರನೆಯ ದಿನ ಅದನ್ನೆಲ್ಲ ಒಂದು ಹಾಳೆಯ ಮೇಲೆ ದುಂಡಗೆ ಬರೆದು, ಮೇಲೆ ೪೪೫೩ ಎಂದು ಅಂಕೆ ಹಾಕಿ, ಚಿತ್ರದ ಕಟ್ಟಿನ ಹಿಂಬದಿಗೆ ಲಕೋಟೆಯಲ್ಲಿಟ್ಟು ಅಂಟಿಸಿದೆ. ಮುಂದೆಂದಾದರೂ ಈ ಚಿತ್ರ ನಮ್ಮ ಮನೆಯಿಂದ ಇನ್ನೊಂದು ಮನೆಗೆ ಹೋದರೆ, ಅಲ್ಲಿಯ ಮಗು ಕೇಳುವ ಪ್ರಶ್ನೆಗೆ ಉತ್ತರ ಅದರ ಬೆನ್ನ ಹಿಂದೆಯೇ ಇರಲಿ.